ಕಡಲ ಮೇಲಣ ವಿಮಾನ ಯಾರದು?

1917 ನೆಯ ಇಸವಿ ಆಗಸ್ಟ್ ತಿಂಗಳ 2 ನೆಯ ತಾರೀಖಿನಂದು, ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋ ಎಂಬ ನೌಕಾನೆಲೆಯಲ್ಲಿ, ಎಡ್ವಿನ್ ಡನ್ನಿಂಗ್ ಎಂಬ ಇಪ್ಪತ್ತೈದು ವರ್ಷದ ನೌಕಾ ವೈಮಾನಿಕನು ಅದುವರೆಗೆ ಯಾರೂ ಮಾಡದಿದ್ದ ಕೆಲಸವೊಂದನ್ನು ಮಾಡಿದನು. 'ಫ್ಯೂರಿಯಸ್' ಎಂಬ ಹಡಗು ಗಾಳಿಗೆ ಎದುರಾಗಿ ವೇಗದಿಂದ ಸಾಗುತ್ತಿದ್ದಾಗ ಅದರ ಪಕ್ಕದಲ್ಲಿಯೇ ಹಾರಿಬಂದು, ಓರೆಯಾಗಿ ಜಾರಿ, ಮುಂಭಾಗದ ಡೆಕ್ಕಿನ ಮೇಲೆ ತನ್ನ ಪುಟ್ಟ ವಿಮಾನವನ್ನು ಇಳಿಸಿದನು. ಅದನ್ನು ತಡೆದು ನಿಲ್ಲಿಸುವ ಸಾಧನವೇನೂ ಆ ಡೆಕ್ಕಿನಲ್ಲಿರಲಿಲ್ಲ. ಜೊತೆಗಾರರು ಓಡಿಬಂದು, ವಿಮಾನಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಚಲಿಸುತ್ತಿರುವ ಹಡಗಿನ ಮೇಲೆ ವಿಮಾನವು ಇಳಿದದ್ದು ಅದೇ ಮೊದಲು. ಐದು ದಿನಗಳ ತರುವಾಯ ಅದೇ ಸಾಹಸವನ್ನು ಮತ್ತೆ ಮಾಡಹೋಗಿ, ವಿಮಾನವು ಅಂಚಿನಿಂದ ಕಡಲಿಗುರುಳಲು, ಡನ್ನಿಂಗನು ನೀರಿನಲ್ಲಿ ಮುಳುಗಿ ಮಡಿದನು.

ಆತನು ಹೋದನು, ಆತನು ತೋರಿದ ವಿದ್ಯೆ ಉಳಿಯಿತು. ಆದರೆ ಆ ವಿದ್ಯೆಗೆ ಒಡೆಯರು ಯಾರು? ಹಡಗಿನಿಂದ ಹಾರುವ ವಿಮಾನವು ನೌಕಾಬಲಕ್ಕೆ ಸೇರಿದ್ದೋ, ವಿಮಾನಬಲಕ್ಕೆ ಸೇರಿದ್ದೋ? ಈ ಪ್ರಶ್ನೆಯ ಮೇಲೆ ಇಂಗ್ಲೆಂಡಿನಲ್ಲಿ ಸುಮಾರು ಇಪ್ಪತ್ತು ವರ್ಷಗಳ ಕಾಲ ನಡೆದ ವ್ಯಾಜ್ಯದ ಕಥೆಯನ್ನು ಈ ಸಂಜೆ ತಮ್ಮ ಮುಂದಿಡಬೇಕೆಂದಿದ್ದೇನೆ.

ವ್ಯಾಜ್ಯದ ಮೂಲವು ಕಡಲಿನಲ್ಲಿರಲಿಲ್ಲ, ಲಂಡನ್ ನಗರದ ಆಕಾಶದಲ್ಲಿತ್ತು. 1917 ರ ಬೇಸಗೆಯಲ್ಲಿ ಜರ್ಮನರ ವಿಮಾನಗಳು ಹಾಡುಹಗಲಿನಲ್ಲಿ ಬಂದು ಲಂಡನ್ನಿನ ಮೇಲೆ ಬಾಂಬು ಸುರಿದವು. ಜನರಲ್ಲಿ ಕೋಪವೂ ಭಯವೂ ತುಂಬಿದವು. ಆಗ ಭೂಸೇನೆಗೆ ಒಂದು ವಿಮಾನಪಡೆ, ನೌಕಾಸೇನೆಗೆ ಇನ್ನೊಂದು. ಎರಡೂ ಒಂದೇ ಬಗೆಯ ಎಂಜಿನ್ನುಗಳಿಗಾಗಿ ಪೈಪೋಟಿ ನಡೆಸುತ್ತಿದ್ದವು. ಪರಿಹಾರವನ್ನು ಸೂಚಿಸಲು ನೇಮಕಗೊಂಡ ಜನರಲ್ ಸ್ಮಟ್ಸ್ ಅವರು, ಎರಡನ್ನೂ ಕೂಡಿಸಿ ಸ್ವತಂತ್ರವಾದ ಮೂರನೆಯ ಸೇನೆಯೊಂದನ್ನು ಕಟ್ಟಬೇಕೆಂದು ಅಭಿಪ್ರಾಯ ಕೊಟ್ಟರು. 1918 ನೆಯ ಏಪ್ರಿಲ್ 1 ರಂದು ರಾಯಲ್ ಏರ್ ಫೋರ್ಸ್ ಹುಟ್ಟಿತು. ನೌಕಾಸೇನೆಯ ಸುಮಾರು 55 ಸಾವಿರ ಜನರೂ, ಮೂರು ಸಾವಿರಕ್ಕೆ ಸಮೀಪವಾದ ವಿಮಾನಗಳೂ ಒಂದೇ ದಿನದಲ್ಲಿ ಹೊಸ ಸೇನೆಯ ಪಾಲಾದವು.

ಯುದ್ಧ ಮುಗಿದ ಮೇಲೆ ವಾದ ಮೊದಲಾಯಿತು. ಎರಡು ಪಕ್ಷಗಳ ಮಾತನ್ನೂ ನಾವು ನ್ಯಾಯವಾಗಿ ಕೇಳಬೇಕು. ವಿಮಾನಬಲದ ಮುಖ್ಯಸ್ಥರಾದ ಟ್ರೆಂಚರ್ಡ್ ಅವರ ವಾದವಿದು: ಆಕಾಶವು ಒಂದೇ, ನೆಲದ ಮೇಲಣ ಆಕಾಶ, ನೀರಿನ ಮೇಲಣ ಆಕಾಶವೆಂಬ ಭೇದವು ಅದಕ್ಕಿಲ್ಲ, ಈ ಕೂಸನ್ನು ತುಂಡು ತುಂಡಾಗಿ ಹಂಚಿದರೆ ಉಳಿಯುವುದೇನು? ನೌಕಾಸೇನೆಯ ಮುಖ್ಯಸ್ಥರಾದ ಬೀಟಿ ಅವರ ಪ್ರತಿವಾದವಿದು: ಹಡಗಿನ ಫಿರಂಗಿ ಹೇಗೋ ಹಾಗೆಯೇ ವಿಮಾನವೂ ಹಡಗಿನ ಆಯುಧ; ಆಯುಧವನ್ನು ಹಿಡಿದವನು ಕಡಲನ್ನೂ ಹಡಗನ್ನೂ ಶತ್ರುವಿನ ನೌಕೆಯ ಗುರುತನ್ನೂ ಬಲ್ಲವನಾಗಿರಬೇಕು; ಒಬ್ಬ ನಾಯಕನ ಕೈಯಲ್ಲಿರಬೇಕಾದ ಕತ್ತಿಯ ಹಿಡಿಯನ್ನು ಇನ್ನೊಬ್ಬನ ಕೈಯಲ್ಲಿಡುವುದು ಯುದ್ಧನೀತಿಯಲ್ಲ. ಎರಡು ವಾದಗಳಲ್ಲಿಯೂ ಸತ್ಯವಿತ್ತು. ಜಗಳವು ದೀರ್ಘವಾದದ್ದು ಅದರಿಂದಲೇ.

1924 ರಲ್ಲಿ ಒಂದು ಒಪ್ಪಂದವಾಯಿತು. ನೌಕಾಸೇನೆಯ ಪರವಾಗಿ ಮಾತನಾಡಿದ ಕೀಸ್ ಅವರೂ ಟ್ರೆಂಚರ್ಡ್ ಅವರೂ ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ನಂಟಸ್ತನದಿಂದ ಒಪ್ಪಂದ ಹುಟ್ಟಿತು, ಪ್ರೀತಿ ಹುಟ್ಟಲಿಲ್ಲ. ಒಪ್ಪಂದದಂತೆ ಹಡಗಿನ ಪಡೆಗೆ 'ಫ್ಲೀಟ್ ಏರ್ ಆರ್ಮ್' ಎಂದು ಹೆಸರಾಯಿತು; ಆದರೆ ಅದು ವಿಮಾನಬಲದ ಒಂದು ಅಂಗವಾಗಿಯೇ ಉಳಿಯಿತು. ಚಾಲಕರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ನೌಕಾಸೇನೆಯವರಿರಬಹುದು. ಅವರು ವಿಮಾನಬಲದಲ್ಲಿಯೂ ಒಂದು ಪದವಿಯನ್ನು ಪಡೆಯಬೇಕು. ಎಷ್ಟು ವಿಮಾನ ಬೇಕೆಂದು ಹೇಳಿ ಹಣ ಕೊಡುವುದು ಅಡ್ಮಿರಾಲ್ಟಿ; ಮಾಡಿಸಿ ಒಪ್ಪಿಸುವುದು ವಿಮಾನ ಮಂತ್ರಿಗಳ ಇಲಾಖೆ. ಒಬ್ಬನೇ ಮನುಷ್ಯನಿಗೆ ಎರಡು ಪದವಿ, ಒಂದೇ ವಿಮಾನಕ್ಕೆ ಇಬ್ಬರು ಯಜಮಾನರು! ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈ ಜಗಳದಲ್ಲಿ ನಿಜವಾಗಿ ನಷ್ಟವಾದದ್ದೇನು? ವಿಮಾನಗಳ ಲೆಕ್ಕವನ್ನೇ ಎಣಿಸುವವರು ಇದನ್ನು ಕಾಣಲಾರರು. ನಷ್ಟವಾದದ್ದು ಮನುಷ್ಯರು. 1918 ರಲ್ಲಿ ಹೊಸ ಸೇನೆಗೆ ಹೋದ ತರುಣ ವೈಮಾನಿಕರು ನೌಕಾಸೇನೆಯಲ್ಲಿಯೇ ಇದ್ದಿದ್ದರೆ ಇಪ್ಪತ್ತು ವರ್ಷಗಳಲ್ಲಿ ಹಿರಿಯ ನೌಕಾಪತಿಗಳಾಗುತ್ತಿದ್ದರು. ಯೋಜನೆಗಳನ್ನು ಮಾಡುವ ಮೇಜಿನ ಸುತ್ತ ಕುಳಿತಿರುತ್ತಿದ್ದರು. ಆ ಪೀಳಿಗೆಯೇ ಅಲ್ಲಿ ಇಲ್ಲದಂತಾಯಿತು. ಅಮೆರಿಕದ ನೌಕಾಸೇನೆಯಾದರೋ ತನ್ನ ವಿಮಾನಗಳನ್ನು ಬಿಟ್ಟುಕೊಡಲಿಲ್ಲ. ವಿಮಾನವಾಹಕ ನೌಕೆಯ ಅಧಿಪತಿಗೆ ವಿಮಾನದ ವಿದ್ಯೆ ತಿಳಿದಿರಲೇಬೇಕೆಂದು 1926 ರಲ್ಲಿ ಅಲ್ಲಿ ಕಾಯಿದೆಯಾಯಿತು. ಅರ್ನೆಸ್ಟ್ ಕಿಂಗ್ ನಲವತ್ತೆಂಟನೆಯ ವಯಸ್ಸಿನಲ್ಲಿ, ಹಾಲ್ಸೆ ಐವತ್ತೆರಡನೆಯ ವಯಸ್ಸಿನಲ್ಲಿ ವಿಮಾನ ನಡೆಸಲು ಕಲಿತರು. ಜಪಾನಿನಲ್ಲಿಯೂ ಯಮಾಮೊಟೊ 'ಅಕಾಗಿ' ಎಂಬ ವಿಮಾನವಾಹಕದ ಅಧಿಪತ್ಯವನ್ನು ನಡೆಸಿ ಮೇಲೇರಿದವರು. ಹಡಗಿನ ಮೇಲೆ ವಿಮಾನವನ್ನು ಇಳಿಸಲು ಮೊದಲು ಕಲಿಸಿದ ದೇಶವು ಈ ಶಿಷ್ಯರಿಗಿಂತ ಹಿಂದೆ ಬಿದ್ದಿತು.

ಹಾಗೆಂದು ದೋಷವನ್ನೆಲ್ಲ ವಿಮಾನಬಲದ ತಲೆಗೆ ಕಟ್ಟುವುದು ಇತಿಹಾಸಕ್ಕೆ ಸಲ್ಲದು. ಹತ್ತು ವರ್ಷಗಳೊಳಗೆ ದೊಡ್ಡ ಯುದ್ಧವಾಗದೆಂದು 1919 ರಲ್ಲಿ ಸರ್ಕಾರವೇ ನಿಶ್ಚಯಿಸಿಕೊಂಡು ಮೂರು ಸೇನೆಗಳ ಹಣವನ್ನೂ ಹಿಡಿದಿತ್ತು. ಹೊಸ ಸೇನೆಗೆ ತಾನು ಉಳಿಯುವೆನೋ ಇಲ್ಲವೋ ಎಂಬ ಆತಂಕವಿತ್ತು. ಆತಂಕದಲ್ಲಿರುವವನು ಔದಾರ್ಯವನ್ನು ತೋರುವುದು ಕಷ್ಟ. ನೌಕಾಪತಿಗಳಲ್ಲಿಯೂ ಅನೇಕರು ದೊಡ್ಡ ಫಿರಂಗಿಯನ್ನೇ ನಂಬಿದ್ದರು. ಅವರ ಪಾಲಿಗೆ ವಿಮಾನವು ಶತ್ರುವನ್ನು ಹುಡುಕಿಕೊಡುವ ಬೇಹುಗಾರ, ಫಿರಂಗಿಯ ಸೇವಕ.

ಕಡೆಗೆ 1937 ರ ಜುಲೈ ತಿಂಗಳಲ್ಲಿ ಮಂತ್ರಿಗಳಾದ ಸರ್ ಥಾಮಸ್ ಇನ್‌ಸ್ಕಿಪ್ ಅವರ ತೀರ್ಪು ಹೊರಬಿದ್ದಿತು. ಹಡಗಿನಿಂದ ಹಾರುವ ವಿಮಾನಗಳು ನೌಕಾಸೇನೆಗೆ. ತೀರದಿಂದ ಹಾರಿ ಕಡಲನ್ನು ಕಾಯುವ ವಿಮಾನಗಳು ವಿಮಾನಬಲಕ್ಕೆ. ಅಧಿಕಾರವು ಪೂರ್ಣವಾಗಿ ಕೈಗೆ ಬಂದದ್ದು 1939 ರ ಮೇ ತಿಂಗಳಲ್ಲಿ. ಯುದ್ಧವು ಹತ್ತಿದ್ದು ಸೆಪ್ಟೆಂಬರಿನಲ್ಲಿ. ಇಪ್ಪತ್ತು ವರ್ಷ ಕಳೆದ ಮನೆಗೆ ಅದನ್ನು ನೆಟ್ಟಗೆ ಮಾಡಿಕೊಳ್ಳಲು ದೊರೆತದ್ದು ನಾಲ್ಕು ತಿಂಗಳು.

ಇದರ ಬೆಲೆಯನ್ನು ತೆತ್ತವರು ಸಮಿತಿಗಳಲ್ಲಿ ವಾದಿಸಿದವರಲ್ಲ. 1940 ರ ಜೂನ್ ತಿಂಗಳಲ್ಲಿ ಆಂಗ್ಲಸೇನೆಯು ನಾರ್ವೆಯನ್ನು ಬಿಟ್ಟು ಬರುತ್ತಿತ್ತು. ಅಲ್ಲಿದ್ದ ವಿಮಾನಬಲದ ಹರಿಕೇನ್ ವಿಮಾನಗಳನ್ನು ಸುಟ್ಟುಬಿಡಬೇಕಾಗಿತ್ತು. ಅವುಗಳ ಚಾಲಕರು ಅದಕ್ಕೆ ಮನಸ್ಸಾಗದೆ, 'ಗ್ಲೋರಿಯಸ್' ಎಂಬ ವಿಮಾನವಾಹಕದ ಮೇಲೆ ಇಳಿಸಿಕೊಂಡು ಬರುವೆವೆಂದರು. ಹಡಗಿನ ಮೇಲೆ ಅವರು ಹಿಂದೆ ಇಳಿದವರಲ್ಲ. ವಿಮಾನಗಳಿಗೆ ತಡೆಹಗ್ಗವನ್ನು ಹಿಡಿಯುವ ಕೊಕ್ಕೆಯೂ ಇರಲಿಲ್ಲ. ಬಾಲದಲ್ಲಿ ಮರಳಿನ ಚೀಲವನ್ನು ಕಟ್ಟಿಕೊಂಡು ಹತ್ತು ವಿಮಾನಗಳನ್ನೂ ಕ್ಷೇಮವಾಗಿ ಇಳಿಸಿದರು. ಮರುದಿನ, ಜೂನ್ 8 ರಂದು, ಜರ್ಮನರ ಎರಡು ಮಹಾನೌಕೆಗಳು ಎದುರಾದವು. ಆಗ ಗ್ಲೋರಿಯಸ್ಸಿನ ಒಂದು ವಿಮಾನವೂ ಕಾವಲಿಗಾಗಿ ಆಕಾಶದಲ್ಲಿರಲಿಲ್ಲ. ಅದರ ಅಧಿಪತಿಯು ಜಲಾಂತರ್ಗಾಮಿಗಳಲ್ಲಿ ಹೆಸರು ಪಡೆದ ಶೂರ. ತನ್ನ ಹಡಗಿನ ವಿಮಾನಗಳ ಮುಖ್ಯಾಧಿಕಾರಿಯೊಡನೆ ಮನಸ್ತಾಪವಾಗಿ, ಆತನನ್ನು ತೀರದಲ್ಲಿ ಬಿಟ್ಟುಬಂದಿದ್ದನು. ಗ್ಲೋರಿಯಸ್ಸೂ, ಅದರ ಕಾವಲಿಗಿದ್ದ ಎರಡು ನಾಶಕ ನೌಕೆಗಳೂ ಮುಳುಗಿದವು. ಸಾವಿರದ ಐನೂರಕ್ಕೆ ಮೀರಿ ಜನ ಸತ್ತರು. ಆ ಹರಿಕೇನ್ ಚಾಲಕರಲ್ಲಿ ಉಳಿದವರು ಇಬ್ಬರು.

ಅದೇ ವರ್ಷದ ನವೆಂಬರ್ 11 ರ ರಾತ್ರಿ, 'ಇಲಸ್ಟ್ರಿಯಸ್' ಹಡಗಿನಿಂದ ಹೊರಟ 21 ಸ್ವೋರ್ಡ್‌ಫಿಷ್ ವಿಮಾನಗಳು ಇಟಲಿಯ ಟರಾಂಟೊ ಬಂದರಿನಲ್ಲಿ ಮೂರು ಮಹಾನೌಕೆಗಳಿಗೆ ಟಾರ್ಪೆಡೊ ಹೊಡೆದವು. ಅವು ಬಟ್ಟೆ ಹೊದಿಸಿದ, ಜೋಡಿ ರೆಕ್ಕೆಯ, ಕಾಲಕ್ಕೆ ಹಿಂದಾದ ವಿಮಾನಗಳು. ಕಳೆದುಹೋದದ್ದು ಎರಡು ಮಾತ್ರ. ಹಳೆಯ ಯಂತ್ರದಲ್ಲಿ ಕುಳಿತ ಬಲ್ಲವರಿಂದ ಇಷ್ಟಾಗುವುದಾದರೆ, ಆ ಇಪ್ಪತ್ತು ವರ್ಷಗಳು ವ್ಯರ್ಥವಾಗದೆ ಇದ್ದಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಬಾರದಿರದು.

1941 ರ ಏಪ್ರಿಲಿನಲ್ಲಿ ತೀರದ ಕಾವಲುವಿಮಾನಗಳು ವಿಮಾನಬಲದಲ್ಲಿಯೇ ಉಳಿದು, ಯುದ್ಧಕಾರ್ಯದಲ್ಲಿ ಅಡ್ಮಿರಾಲ್ಟಿಯ ಆಜ್ಞೆಗೆ ಒಳಪಟ್ಟವು. ಒಡೆತನವೇ ಬೇರೆ, ಒಡನಾಟವೇ ಬೇರೆ. ಒಡೆತನದ ಪ್ರಶ್ನೆ ಬಗೆಹರಿಯುವವರೆಗೆ ಒಡನಾಟವನ್ನು ತಡೆದಿಡಬೇಕಾಗಿಲ್ಲ. ಡನ್ನಿಂಗನ ವಿಮಾನವನ್ನು ಬರಿಗೈಯಿಂದ ಹಿಡಿದು ನಿಲ್ಲಿಸಿದವರು ಅದು ಯಾವ ಇಲಾಖೆಯದೆಂದು ಕೇಳಲಿಲ್ಲ. ಗ್ಲೋರಿಯಸ್ಸಿನ ಡೆಕ್ಕಿನ ಮೇಲೆ ಹರಿಕೇನುಗಳಿಗಾಗಿ ಕಾದು ನಿಂತ ನಾವಿಕರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ಇಪ್ಪತ್ತು ವರ್ಷ ಕೇಳುತ್ತ ಕುಳಿತವರು ದಡದ ಮೇಲಿದ್ದರು.