ಸಿಒಪಿಡಿ ಇರುವವರು 39 ಕೋಟಿಯೋ, 29 ಕೋಟಿಯೋ? ಫಾರ್ವರ್ಡ್ ಮಾಡುವ ಮುನ್ನ ಓದಿ

ಜಗತ್ತಿನಲ್ಲಿ 39 ಕೋಟಿ ಜನರಿಗೆ ಸಿಒಪಿಡಿ ಇದೆ ಎಂದು ಒಂದು ಕಡೆ ಓದುತ್ತೇವೆ. ಇನ್ನೊಂದು ಕಡೆ 29 ಕೋಟಿ ಎಂದಿರುತ್ತದೆ. ಹಾಗಾದರೆ ಇವುಗಳಲ್ಲಿ ಸುಳ್ಳು ಯಾವುದು?

ಎರಡೂ ಸುಳ್ಳಲ್ಲ. 2022ರಲ್ಲಿ ಪ್ರಕಟವಾದ ಒಂದೇ ಅಧ್ಯಯನದಲ್ಲಿ ಈ ಎರಡೂ ಅಂದಾಜುಗಳಿವೆ. 2019ರಲ್ಲಿ 30ರಿಂದ 79 ವರ್ಷದವರಲ್ಲಿ ಒಂದು ವ್ಯಾಖ್ಯೆಯ ಪ್ರಕಾರ ಶೇ 10.3 ಮಂದಿಗೆ, ಇನ್ನೊಂದರ ಪ್ರಕಾರ ಶೇ 7.6 ಮಂದಿಗೆ ಈ ಕಾಯಿಲೆ ಇತ್ತು. ಬದಲಾದದ್ದು ಅಳತೆಗೋಲು ಮಾತ್ರ.

ಸಿಒಪಿಡಿ ಎಂದರೇನು?

ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶ ಹಾನಿಗೊಂಡು, ಉಸಿರು ಸರಾಗವಾಗಿ ಹೊರಬಾರದ ದೀರ್ಘಕಾಲದ ಕಾಯಿಲೆ ಇದು. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ, ಕೆಲಸದ ಜಾಗದ ದೂಳು ಇದರ ಮುಖ್ಯ ಕಾರಣಗಳು.

ಅಳೆಯುವುದು ಹೇಗೆ?

ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಿಂದ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ನಂತರ, ಪೂರ್ತಿ ಉಸಿರೆಳೆದು ಜೋರಾಗಿ ಊದಿಸುತ್ತಾರೆ. ಒಬ್ಬರು ಒಟ್ಟು 3 ಲೀಟರ್ ಗಾಳಿ ಊದಿ, ಅದರಲ್ಲಿ 2 ಲೀಟರ್ ಮೊದಲ ಸೆಕೆಂಡಿನಲ್ಲೇ ಬಂದರೆ ಅನುಪಾತ 0.67.

ಗೆರೆ ಎಳೆಯುವುದು ಎಲ್ಲಿ?

ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಗೋಲ್ಡ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಎಲ್ಲ ವಯಸ್ಸಿನವರಿಗೂ 0.70 ಎಂಬ ಒಂದೇ ಗೆರೆ ಇಟ್ಟಿದೆ. ಇನ್ನೊಂದು ವಿಧಾನ, ನಮ್ಮದೇ ವಯಸ್ಸು, ಎತ್ತರ ಮತ್ತು ಲಿಂಗದ ಆರೋಗ್ಯವಂತರೊಂದಿಗೆ ಹೋಲಿಸಿ, ಕೊನೆಯ ಶೇ 5ರಷ್ಟು ಮಂದಿಯಲ್ಲಿ ಬಂದರೆ ಮಾತ್ರ ಅಸಹಜ ಎನ್ನುತ್ತದೆ.

ವಯಸ್ಸಾದಂತೆ ಶ್ವಾಸಕೋಶದ ಸ್ಥಿತಿಸ್ಥಾಪಕತೆ ಸಹಜವಾಗಿಯೇ ಕುಗ್ಗುತ್ತದೆ. ಆದ್ದರಿಂದ 0.67 ಬಂದ 75ರ ಅಜ್ಜ ಮೊದಲ ವಿಧಾನದಲ್ಲಿ ರೋಗಿ, ಎರಡನೆಯದರಲ್ಲಿ ಸಹಜ ಆಗಬಹುದು. ಯುವಜನರಲ್ಲಿ ಇದು ತಿರುಗುಮುರುಗು: ನಿಜವಾದ ತೊಂದರೆ ಶುರುವಾಗಿದ್ದರೂ ಅನುಪಾತ 0.70ಕ್ಕಿಂತ ಮೇಲಿದ್ದು ತಪ್ಪಿಸಿಕೊಳ್ಳಬಹುದು. ಒಂದು ಕಡೆ ಬೇಡದ ಇನ್‌ಹೇಲರ್, ಇನ್ನೊಂದು ಕಡೆ ತಡವಾದ ಚಿಕಿತ್ಸೆ.

ಪ್ರಶ್ನೆ ಕೇಳಿ ಎಣಿಸಿದರೆ?

ಲೆಕ್ಕ ಮತ್ತೆ ಬದಲಾಗುತ್ತದೆ. ಭಾರತದ ಇನ್‌ಸರ್ಚ್ ಅಧ್ಯಯನ 1.69 ಲಕ್ಷ ಜನರನ್ನು ಪ್ರಶ್ನಾವಳಿಯ ಮೂಲಕ ಸಮೀಕ್ಷೆ ಮಾಡಿ, 35 ದಾಟಿದವರಲ್ಲಿ ಶೇ 3.49 ಮಂದಿಗೆ ದೀರ್ಘಕಾಲದ ಬ್ರಾಂಕೈಟಿಸ್ ಇದೆ ಎಂದಿತು. ಇದನ್ನು ಗುರುತಿಸುವುದು ಕಫದ ಕೆಮ್ಮಿನಿಂದ: ಸಾಮಾನ್ಯ ವ್ಯಾಖ್ಯೆಯಂತೆ ವರ್ಷಕ್ಕೆ 3 ತಿಂಗಳು, ಸತತ 2 ವರ್ಷ. ಕೆಮ್ಮಿಲ್ಲದೆ ಬರೀ ಏದುಸಿರು ಇರುವವರು ಈ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಈ 3.49ನ್ನು ಮೇಲಿನ 10.3ರ ಪಕ್ಕ ಇಟ್ಟು "ಭಾರತೀಯರ ಶ್ವಾಸಕೋಶ ಗಟ್ಟಿ" ಎನ್ನುವುದು ತಪ್ಪು.

ನಾವು ಏನು ಮಾಡಬೇಕು?

ಇಂಥ ಅಂಕಿ ಕಂಡಾಗ ಮೂರು ವಿಷಯ ನೋಡೋಣ: ಯಾವ ವಯಸ್ಸಿನವರನ್ನು ಎಣಿಸಿದ್ದಾರೆ? ಊದಿಸಿ ನೋಡಿದರೇ, ಬರೀ ಕೇಳಿದರೇ? ಯಾವ ಗೆರೆ ಬಳಸಿದ್ದಾರೆ? ಇವಿಲ್ಲದ ಸಂಖ್ಯೆಯನ್ನು ಮುಂದಕ್ಕೆ ಕಳಿಸದಿರುವುದೇ ಒಳ್ಳೆಯದು.

ಗೆರೆ ಎಲ್ಲೇ ಇರಲಿ, ಹೊಗೆಯ ಹಾನಿ ಕಡಿಮೆಯಾಗುವುದಿಲ್ಲ. ವಾರಗಟ್ಟಲೆ ಕೆಮ್ಮು ಅಥವಾ ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ವೈದ್ಯರನ್ನು ಕಂಡು, ಸ್ಪೈರೋಮೆಟ್ರಿ ಬೇಕೇ ಎಂದು ಕೇಳಿ. ಹತ್ತು ಸೆಕೆಂಡು ಉಸಿರು ಬಿಗಿಹಿಡಿದು ನೋಡುವ ವಾಟ್ಸಾಪ್ ಪರೀಕ್ಷೆ ಅದಕ್ಕೆ ಬದಲಿಯಲ್ಲ.