ಕೋಡಿಯ ಮಠದ ಮದ್ದು, ಅವ್ವನ ರಂಗೋಲಿ

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೇ ಬರುತ್ತಿದೆ. ಮಕ್ಕಳಿಗೆ ಸಿಂಹದೊಡನೆ ಸೆಣಸುವ ಸಳನನ್ನು ತೋರಿಸಿದರೆ ಸಾಕು. ನನಗೆ ಮಾತ್ರ ಇಲ್ಲಿದ್ದ ಕೋಡಿಯ ಮಠದ್ದೇ ನೆನಪು. ಕಾಳಾಮುಖ ಯತಿಗಳ ಈ ಮಠವನ್ನು ಬಿಜ್ಜಳನ ಕಾಲದ 1162ರ ಶಾಸನ ಮನದುಂಬಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಸ್ಥಾನ ಎಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕುಂಟರು, ಕುರುಡರು, ಕಿವುಡರಿಗೆ ಅನ್ನವಿಕ್ಕುವ ಸ್ಥಾನ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಸ್ಥಾನ ಎನ್ನುತ್ತದೆ. ಮಠ ನಡೆದದ್ದು ದತ್ತಿಯಿಂದ. ಓದಿಗೂ ಮದ್ದಿಗೂ ಒಂದೇ ಹೊಲದ ಭತ್ತ!

ನನ್ನ ಅವ್ವನಿಗೆ ಮೊದಲು ಕೈ ನಡುಗಲಿಲ್ಲ, ರಂಗೋಲಿ ಸಣ್ಣದಾಯಿತು. ಅಂಗಳದ ತುಂಬ ಹರಡುತ್ತಿದ್ದ ಎಳೆಗಳು ಹೊಸ್ತಿಲ ಬಳಿ ಅಂಗೈಯಗಲಕ್ಕೆ ಮುದುಡಿದವು. ವಯಸ್ಸಾಯಿತಲ್ಲ ಎಂದುಕೊಂಡೆವು. ಮೊದಲು ನೋಡಿದ ವೈದ್ಯರೂ ಹಾಗೇ ಅಂದರು. ಕೈಯಲ್ಲಿನ ಲೋಟ ತುಳುಕತೊಡಗಿದ ಮೇಲೆ ಶಿವಮೊಗ್ಗದಲ್ಲಿ ಕಾಯಿಲೆಯ ಹೆಸರು ತಿಳಿಯಿತು: ಪಾರ್ಕಿನ್ಸನ್.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದದ್ದು 1817ರಲ್ಲಿ. ನಮ್ಮ ಆಯುರ್ವೇದದವರು ಕಂಪವಾತ ಎನ್ನುತ್ತಾರೆ, ನಸುಗುನ್ನಿ ಬೀಜ ಹೇಳುತ್ತಾರೆ. ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ಅದೇ ನಸುಗುನ್ನಿ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಲೆವೊಡೋಪವನ್ನು ಬೇರ್ಪಡಿಸಿದರು. ಈ ಕಾಯಿಲೆಗೆ ಅದು ಮದ್ದಾದೀತೆಂದು ಆಗ ಯಾರೂ ಎಣಿಸಿರಲಿಲ್ಲ. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾಗಿರುವುದನ್ನು 1960ರಲ್ಲಿ ವಿಯೆನ್ನಾದವರು ಕಂಡುಕೊಂಡರು. 1967ರಲ್ಲಿ ಕೊಟ್ಜಿಯಾಸ್ ಎಂಬ ವೈದ್ಯರು ಲೆವೊಡೋಪವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಂದಲೇ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಿದರು. ಮೂವತ್ತು ವರ್ಷ! ಇಂಥ ಕೆಲಸಕ್ಕೆ ಹಣ ಕೊಡುವವರಿಗೆ ಕೋಡಿಯ ಮಠದ ದಾನಿಗಿದ್ದ ಸುಖವಿಲ್ಲ. ಉಂಡವರ ಮುಖ ಕಾಣುವುದಿಲ್ಲವಲ್ಲ. (ಬೇಲಿಯ ಬೀಜ ಅರೆದು ಕೊಡಲು ಹೋಗಬೇಡಿ, ಪ್ರಮಾಣ ತಪ್ಪಿದರೆ ಕಷ್ಟ.)

ಗುಳಿಗೆ ಅವ್ವನಿಗೆ ನಾಲ್ಕು ಒಳ್ಳೆಯ ವರ್ಷ ಕೊಟ್ಟಿತು. ಆದರೆ ಅದು ಕೊರತೆ ತುಂಬುತ್ತದೆಯೇ ಹೊರತು ಜೀವಕೋಶಗಳು ಸಾಯುವುದನ್ನು ತಡೆಯುವುದಿಲ್ಲ. ಅವು ಏಕೆ ಸಾಯುತ್ತವೆ ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ನಮ್ಮ ನಾಡಿನಲ್ಲಿ ಹುಡುಕುವವರಿಲ್ಲವೆಂದಲ್ಲ. ಮೈಸೂರು ಸಂಸ್ಥಾನ 1907ರಲ್ಲಿ ಕೊಟ್ಟ 371 ಎಕರೆಯಲ್ಲಿ ಎದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಮಿದುಳಿನ ಸಂಶೋಧನೆಗೆಂದು, ಕ್ರಿಸ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಗಳ ಟ್ರಸ್ಟ್ 2014ರಲ್ಲಿ 225 ಕೋಟಿ ರೂಪಾಯಿಯ ಭರವಸೆ ಕೊಟ್ಟಿತು. ನಿಮ್ಹಾನ್ಸ್‌ನಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ 1995ರಲ್ಲೇ ಮಿದುಳಿನ ಬ್ಯಾಂಕ್ ಆರಂಭವಾಗಿದೆ. ತೀರಿಕೊಂಡವರ ಮಿದುಳನ್ನು ಮನೆಯವರು ದಾನ ಕೊಟ್ಟರೆ ಸಂಶೋಧಕರಿಗಾಗಿ ಕಾಪಿಡುತ್ತಾರೆ. ಆದರೆ ಸಾವಾದ ಕೆಲವೇ ಗಂಟೆಗಳಲ್ಲಿ ತಲುಪಬೇಕು.

ಅವ್ವನ ತಿಥಿಗೆ ನಾವು ಇನ್ನೂರು ಜನಕ್ಕೆ ಊಟ ಹಾಕಿದೆವು. ಬ್ಯಾಂಕಿನ ವಿಷಯ ನನಗೆ ತಿಳಿದದ್ದು ಅದರ ಮುಂದಿನ ವರ್ಷ, ಪತ್ರಿಕೆಯೊಂದರಲ್ಲಿ. ತಮ್ಮನಿಗೆ ಹೇಳಿದೆ. "ಮೊದಲೇ ತಿಳಿದಿದ್ರೆ ಕೊಡ್ತಿದ್ಯೇನೇ ಅಕ್ಕ?" ಅಂದ. ನಾನು ಸುಮ್ಮನಾದೆ. ಅವ್ವನನ್ನೇ ಕೇಳಬೇಕಿತ್ತು.