ಅಗಸಿಯ ತಲೆ ಮತ್ತು ಎರಡು ನಿಮಿಷದ ಥ್ರಿಲ್ಲರ್

ಈ ಸಲ ಬೇಸಿಗೆಯಲ್ಲಿ ರೋಣಕ್ಕೆ ಹೋದಾಗ ಮನೆಯ ಪಡಸಾಲೆಯಲ್ಲಿ ಒಂದು ಬೂದುಗುಂಬಳಕಾಯಿ ಕೂತಿತ್ತು. ಅದಕ್ಕೆ ಪುಂಡಿನಾರಿನ ಮೀಸೆ, ಕಣ್ಣಿಗೆ ಎರಡು ಅಂಗಿ ಗುಂಡಿ, ಕೆಳಗೆಲ್ಲ ಕುಂಕುಮ ಕಲಸಿ ಬಳಿದ ಕೆಂಪು.

"ಇದೇನೋಪಾ?" ಅಂದೆ.

"ಮ್ಯಾನ್ಸನ್ ಸಾಹೇಬನ ತೆಲಿ, ಮಾಮಾ" ಅಂದ ನನ್ನ ತಂಗಿಯ ಮಗ, ಬಹಳ ಸಹಜವಾಗಿ.

ವಿಷಯ ಏನೆಂದರೆ, ಕಾಲೇಜಿನಲ್ಲಿ ಅವನಿಗೊಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಂದು ಥ್ರಿಲ್ಲರ್ ಚಿತ್ರದ ಆರಂಭ ಮಾತ್ರ ತೆಗೆಯಬೇಕು, ಬರೀ ಎರಡು ನಿಮಿಷ. ಮುಂದಿನ ಚಿತ್ರ ಇರುವುದೇ ಇಲ್ಲ! ಆದರೆ ನೋಡಿದವರಿಗೆ "ಮುಂದೇನು?" ಅನ್ನಿಸಬೇಕು. ಥ್ರಿಲ್ಲರಿನ ಯಾವ ಯಾವ ರೂಢಿಗಳನ್ನು ಬಳಸಿದಿರಿ, ಯಾಕೆ ಬಳಸಿದಿರಿ ಅಂತ ಆಮೇಲೆ ಬರೆದುಕೊಡಬೇಕು. ತಂಡದಲ್ಲಿ ಮೂವರು: ರೋಣದ ನಮ್ಮವನು, ನರಗುಂದದ ಒಬ್ಬ ಹುಡುಗ, ಗಜೇಂದ್ರಗಡದ ಒಬ್ಬ ಹುಡುಗಿ. ಕ್ಯಾಮೆರಾ ಅಂದರೆ ಮೊಬೈಲು. ಕಥೆ ನರಗುಂದದ ಬಾಬಾಸಾಹೇಬರದು.

ಅವರು ಬರೆದುಕೊಂಡಿದ್ದ ಮೊದಲ ಚಿತ್ರಕಥೆ ಹೀಗಿತ್ತು. ಕತ್ತಲೆ. ಜೀರುಂಡೆ ಸದ್ದು. ಒಣ ಹುಲ್ಲಿನ ಮೇಲೆ ಹೆಜ್ಜೆ. ಒಂದು ಕೈ, ಕೈಯಲ್ಲಿ ಕತ್ತಿ, ಮುಖ ಕಾಣುವುದಿಲ್ಲ. ಪಲ್ಲಕ್ಕಿಯಲ್ಲಿ ಮಲಗಿದ ಒಬ್ಬ ಬಿಳಿಯ. ಚೀರಾಟ. ಪರದೆ ಪೂರಾ ಕಪ್ಪು. ಆಮೇಲೆ ಬೆಳಗು, ಊರ ಅಗಸಿ, ಅಗಸಿಗೆ ತೂಗುಹಾಕಿದ ತಲೆ. ಅದರ ಮೇಲೆ ಅಕ್ಷರ: 29 ಮೇ 1858.

ಓದಿ ಮೈ ಜುಂ ಅಂದಿದ್ದು ನಿಜ. ಹುಡುಗರು ಪಾಠ ಚೆನ್ನಾಗಿ ಕಲಿತಿದ್ದಾರೆ. ಥ್ರಿಲ್ಲರಿನ ಆರಂಭಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು. ಮುಖ ತೋರಿಸದೆ ಕೈ ಮಾತ್ರ ತೋರಿಸುವುದು, ಚಿತ್ರಕ್ಕಿಂತ ಮೊದಲು ಸದ್ದು ಕೇಳಿಸುವುದು, ನಡುಮಧ್ಯದಿಂದ ಶುರುಮಾಡುವುದು, ತಾರೀಖು ಹಾಕಿ ಗಡಿಯಾರ ಓಡುತ್ತಿದೆ ಅನ್ನಿಸುವುದು. ನಮ್ಮ ಪೀಳಿಗೆಯವರು ಈ ರೂಢಿಗಳನ್ನು ಕ್ಲಾಸಿನಲ್ಲಿ ಕಲಿಯಲಿಲ್ಲ, ಟಾಕೀಸಿನಲ್ಲಿ ಕಲಿತೆವು. 1978ರಲ್ಲಿ ಕಾಶಿನಾಥರ 'ಅಪರಿಚಿತ' ಬಂತು. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ಒಂದೂ ಹಾಡಿಲ್ಲದೆ 'ತರ್ಕ' ಮಾಡಿ ಗೆದ್ದರು. ಆಮೇಲೆ 1993ರ 'ನಿಷ್ಕರ್ಷ', ಈಚೆಗೆ 2015ರ 'ರಂಗಿತರಂಗ', 2016ರ 'ಯು ಟರ್ನ್'. ಇವನ್ನೆಲ್ಲ ನೋಡಿದವರಿಗೆ ಕತ್ತಲಲ್ಲಿ ಒಂದು ಕೈ ಕಂಡರೆ ಸಾಕು, ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ರೂಢಿಯ ಶಕ್ತಿ ಇರುವುದೇ ಅಲ್ಲಿ. ನೋಡುಗ ಅರ್ಧ ಕೆಲಸ ಮಾಡಿಕೊಡುತ್ತಾನೆ.

ತೊಂದರೆ ಶುರುವಾಗುವುದೂ ಅಲ್ಲೇ. ಮುಖವಿಲ್ಲದ, ಕತ್ತಿ ಹಿಡಿದ ಕೈ ಕಂಡ ಕೂಡಲೇ ನೋಡುಗ ತನ್ನಷ್ಟಕ್ಕೆ ತಾನೇ ಒಂದು ತೀರ್ಮಾನ ಮಾಡಿಬಿಡುತ್ತಾನೆ: ಇವನೇ ಖಳ. ಆ ಕೈ ಯಾರದು ಅಂತ ಹುಡುಗರನ್ನು ಕೇಳಿದೆ. ನರಗುಂದದವನು "ಬಾಬಾಸಾಹೇಬರ ಮಂದೀದ್ರಿ" ಅಂದ. ಅಂದು ಸುಮ್ಮನಾದ. ಅವನ ಊರಿನ ಹುತಾತ್ಮನನ್ನು ಅವನೇ ಎರಡು ನಿಮಿಷದಲ್ಲಿ ಕೊಲೆಗಾರನನ್ನಾಗಿ ಮಾಡಿದ್ದ!

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಗೊತ್ತಿದ್ದವರು ಬೇಸರಿಸಬೇಡಿ.

ಎರೆ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಗುಡ್ಡ, ಅದರ ಬುಡದಲ್ಲಿ ಊರು, ಅದೇ ನರಗುಂದ. ಅಲ್ಲಿ ಭಾವೆ ಮನೆತನದ ಸಣ್ಣ ಸಂಸ್ಥಾನವಿತ್ತು. ಅದರ ಕೊನೆಯ ಅರಸ ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ. ಓದುವ ಹುಚ್ಚಿನ ಮನುಷ್ಯ, ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದವರು. ಗಂಡು ಸಂತಾನವಿರಲಿಲ್ಲ. ದತ್ತಕಕ್ಕೆ ಅನುಮತಿ ಕೇಳಿದರು, ಕಂಪನಿ ಸರಕಾರ ಕೊಡಲಿಲ್ಲ. ಅಂದರೆ ಅವರು ಕಣ್ಣು ಮುಚ್ಚಿದ ದಿನ ಸಂಸ್ಥಾನವೂ ಮುಗಿಯಿತು. ಇದು ನರಗುಂದ ಒಂದರ ಸಂಕಟವಲ್ಲ. 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ನಿನವರು ಊರೂರು ತಿರುಗಿ "ನಿನ್ನ ಇನಾಮಿಗೆ ಕಾಗದ ಎಲ್ಲಿದೆ?" ಅಂತ ಕೇಳುತ್ತಿದ್ದರು. ತಲೆಮಾರುಗಳಿಂದ ಉಂಡ ಭೂಮಿ, ಕಾಗದ ಸಿಗದಿದ್ದರೆ ಹೋಯಿತು. 1857ರಲ್ಲಿ ಶಸ್ತ್ರ ಕಾಯ್ದೆ ಬಂತು. ಆಯುಧ ಒಪ್ಪಿಸುವುದಿಲ್ಲ ಅಂದ ಹಲಗಲಿಯ ಬೇಡರಿಗೆ ಆ ವರ್ಷದ ನವೆಂಬರಿನಲ್ಲಿ ಏನಾಯಿತು ಅಂತ ಈ ಸೀಮೆಗೆಲ್ಲ ಗೊತ್ತಿತ್ತು. 1858ರ ಮೇ ಕೊನೆಗೆ ಮುಂಡರಗಿ ಭೀಮರಾಯ ಎದ್ದ, ಡಂಬಳದ ಖಜಾನೆ ಲೂಟಿಯಾಯಿತು, ಕೊಪ್ಪಳದ ಕೋಟೆ ಅವನ ಕೈಸೇರಿತು.

ಚಾರ್ಲ್ಸ್ ಮ್ಯಾನ್ಸನ್ ಆಗ ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜೆಂಟ್. ಹಿಂದೆ ಅದೇ ಇನಾಂ ಕಮಿಷನ್ನಿನಲ್ಲಿ ದುಡಿದವನು, ಹಾಗಾಗಿ ಇನಾಮದಾರರಿಗೆ ಅವನ ಹೆಸರು ಕೇಳಿದರೇ ಆಗುತ್ತಿರಲಿಲ್ಲ. ಗಲಾಟೆಯ ಸುದ್ದಿ ಕೇಳಿ ಸಣ್ಣ ಸವಾರರ ತಂಡದೊಂದಿಗೆ ಅವಸರವಾಗಿ ಇತ್ತ ಬಂದ. ರಾಮದುರ್ಗದ ಅರಸ, ಬಾಬಾಸಾಹೇಬರ ಮಲಸಹೋದರ, ಅಪಾಯವಿದೆ ಅಂತ ಎಚ್ಚರಿಸಿದ. ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟು ಪಲ್ಲಕ್ಕಿಯಲ್ಲೇ ಮಲಗಿದ. ರಾತ್ರಿ ಬಾಬಾಸಾಹೇಬರ ದಂಡು ಬಿತ್ತು. ಮ್ಯಾನ್ಸನ್ ಎದ್ದು ಪಿಸ್ತೂಲು ಹಾರಿಸಿದ, ಸತ್ತ. ಅವನ ತಲೆ ನರಗುಂದದ ಅಗಸಿಗೆ ಬಂತು.

ಮುಂದಿನದು ಬಹಳ ಬೇಗ ಮುಗಿಯಿತು. ಕರ್ನಲ್ ಮಾಲ್ಕಮ್ ಸೈನ್ಯ ತಂದ. ಜೂನ್ 2ರ ಹೊತ್ತಿಗೆ ಕೋಟೆ ಬರಿದು. ತೊರಗಲ್ಲಿನ ಕಾಡಿನಲ್ಲಿ ಬಾಬಾಸಾಹೇಬರನ್ನು ಹಿಡಿದವನು ಫ್ರಾಂಕ್ ಸೌಟರ್ ಎಂಬ ಪೊಲೀಸ್ ಅಧಿಕಾರಿ, ಮುಂದೆ ಅವನೇ ಮುಂಬಯಿಯ ಪೊಲೀಸ್ ಕಮಿಷನರ್ ಆದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಸುರೇಬಾನದ ರಾತ್ರಿಯಿಂದ ಲೆಕ್ಕ ಹಾಕಿ, ಸರಿಯಾಗಿ 14 ದಿನ.

ಹದಿನಾಲ್ಕು ದಿನ, ರಾತ್ರಿ ದಾಳಿ, ಬೆನ್ನಟ್ಟುವ ಪೊಲೀಸ್, ಕಾಡು, ಗಲ್ಲು. ಥ್ರಿಲ್ಲರ್ ತಾನಾಗಿಯೇ ಸಿದ್ಧವಾಗಿದೆ ಅನ್ನಿಸುತ್ತದಲ್ಲವೇ? ಅನ್ನಿಸಿದ್ದು ನಮ್ಮ ಹುಡುಗರಿಗೆ ಮೊದಲಲ್ಲ. ಆ ಕಾಲದ ಇಂಗ್ಲಿಷ್ ಬರಹಗಳಲ್ಲೂ ಕಥೆಗೆ ಜೀವ ಬರುವುದು ಆ ಪಲ್ಲಕ್ಕಿಯ ಹತ್ತಿರವೇ. ದತ್ತಕದ ಅರ್ಜಿ, ಇನಾಮಿನ ಕಾಗದ ಇವೆಲ್ಲ ಹಿನ್ನೆಲೆಯ ಒಂದೆರಡು ಮಾತು, ಕೊಲೆ ಮಾತ್ರ ಪೂರಾ ದೃಶ್ಯ. ಇದು ಸುಳ್ಳು ಹೇಳುವುದಲ್ಲ. ನಡೆದದ್ದನ್ನೇ ಹೇಳುವುದು. ಆದರೆ ಎಲ್ಲಿಂದ ಶುರುಮಾಡಬೇಕು ಅನ್ನುವುದು ಗೊತ್ತಾದರೆ, ಯಾರು ತಪ್ಪಿತಸ್ಥ ಅಂತ ಬಾಯಿಬಿಟ್ಟು ಹೇಳುವ ಕೆಲಸವೇ ಉಳಿಯುವುದಿಲ್ಲ.

ನರಗುಂದದ ಹುಡುಗ ಇದನ್ನು ಕೂಡಲೇ ಹಿಡಿದ. "ಮಾಮಾ, ನಮ್ಮೂರಾಗ ಬಂಡಾಯ ಅಂದ್ರ ಎಂಬತ್ತರದ್ದ ಮೊದಲ ನೆನಪಾಗ್ತದ್ರಿ. ಅದರಾಗೂ ಹಿಂಗ ಐತಿ" ಅಂದ. ಸರಿಯಾದ ಮಾತು. 1980ರ ಜುಲೈ 21ರಂದು ಗೋಲಿಬಾರ್ ಆಯಿತು, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ಪೊಲೀಸರೂ ಸತ್ತರು. ಅಂದು ಮಧ್ಯಾಹ್ನದಿಂದ ಕ್ಯಾಮೆರಾ ತೆರೆದರೆ ಕಾಣುವುದು ಕಲ್ಲು ಮತ್ತು ಗುಂಡು. ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ಬಾರದ ಹೊಲಕ್ಕೂ ಕರ ಕಟ್ಟು ಅಂತ ಬಂದ ನೋಟೀಸಿನಿಂದ ತೆರೆದರೆ ಕಾಣುವುದೇ ಬೇರೆ. 2020ರಲ್ಲಿ 'ನರಗುಂದ ಬಂಡಾಯ' ಅಂತ ಸಿನಿಮಾ ಬಂದದ್ದೂ ಈ ರೈತರ ಕಥೆಯದ್ದೇ.

ಹಾಗಂತ ಕಾಗದಪತ್ರದಿಂದ ಶುರುಮಾಡಿ ಅಂದರೆ ಹುಡುಗರು ಕೇಳುತ್ತಾರೆಯೇ? "ಅರ್ಜಿ ತೋರಿಸಿದ್ರ ಯಾರ ನೋಡ್ತಾರ್ರಿ, ಅದು ಡಾಕ್ಯುಮೆಂಟರಿ ಆಗ್ತದ" ಅಂದಳು ಗಜೇಂದ್ರಗಡದ ಹುಡುಗಿ. ಅವಳದೂ ನ್ಯಾಯವೇ. ಅರ್ಧ ಗಂಟೆ ವಾದ ಆಯಿತು. ಅಷ್ಟರಲ್ಲಿ ಒಳಗೆ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಮರ ಹಿಡಿದುಕೊಂಡೇ ಹೊರಗೆ ಬಂದಳು. ಕುಂಬಳಕಾಯಿಯನ್ನು ಒಮ್ಮೆ ನೋಡಿ ಅಂದಳು:

"ಒಂದ ತೆಲಿ ಹಿಡ್ಕೊಂಡ ಕುಂತೀರಲ್ಲ... ಅವರ ಮನಿ ಹೆಣ್ಮಕ್ಕಳು ಹೊಳಿಗೆ ಬಿದ್ದದ್ದು ಯಾರಿಗೂ ಕಾಣ್ಲಿಲ್ಲೇನು?"

ಪಡಸಾಲೆ ಗಪ್ಪಾಯಿತು.

ಹೌದು. ಕೋಟೆ ಬಿದ್ದ ಮೇಲೆ ಬಾಬಾಸಾಹೇಬರ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಸತ್ತರು. ನಾನು ಇದನ್ನು ಓದಿದ್ದೆ, ಹುಡುಗರೂ ಓದಿದ್ದರು. ಆದರೆ ಹೊತ್ತಿನಿಂದ ಇಷ್ಟು ಮಾತಾಡಿದ ನಾನೂ ಅದನ್ನು ಎತ್ತಿರಲಿಲ್ಲ. ತಲೆ, ಕತ್ತಿ, ಗಲ್ಲು ಇವುಗಳ ನಡುವೆ ಆ ಇಬ್ಬರು ನನಗೂ ಬರೀ ಒಂದು ಸಾಲಾಗಿದ್ದರು. ಥ್ರಿಲ್ಲರಿನ ರೂಢಿ ಹುಡುಗರ ಚಿತ್ರಕಥೆಯಲ್ಲಿ ಮಾತ್ರ ಅಲ್ಲ, ನನ್ನ ಓದಿನಲ್ಲೂ ಕೂತಿತ್ತು!

ಆಮೇಲೆ ಮಾತು ಲಾವಣಿಯ ಕಡೆ ಹೊರಳಿತು. ನಮ್ಮ ಸೀಮೆಯಲ್ಲಿ ಕೊಲೆಯ ಕಥೆ ಹೇಳುವುದು ಸಿನಿಮಾದಿಂದ ಬಂದದ್ದಲ್ಲ. ಬೈಲಹೊಂಗಲದ ಸಂಗ್ಯಾ ಬಾಳ್ಯಾ ಇದೆಯಲ್ಲ! ಗೆಳೆಯನೇ ಹಿಡಿದುಕೊಟ್ಟು ಕೊಲ್ಲಿಸಿದ ಕಥೆ. ಫ್ಲೀಟ್ ಸಾಹೇಬ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದಾಗ ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಜೊತೆ ಸಂಗ್ಯಾನೂ ಇದ್ದ. ಸಣ್ಣಾಟ ನೋಡಲು ಕೂತವರಿಗೆಲ್ಲ ಸಂಗ್ಯಾ ಸಾಯುತ್ತಾನೆ ಅಂತ ಮೊದಲೇ ಗೊತ್ತು. ಆದರೂ ಬೆಳಗಿನ ತನಕ ಏಳುವುದಿಲ್ಲ. ಯಾರು ಕೊಂದರು ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ, ಇಲ್ಲಿಗೆ ಹೇಗೆ ಬಂದು ಮುಟ್ಟಿತು ಅನ್ನುವುದು ಪ್ರಶ್ನೆ. ಹಿಚ್‌ಕಾಕ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮೇಜಿನ ಕೆಳಗಿನ ಬಾಂಬು ಫಕ್ಕನೆ ಸಿಡಿದರೆ ನೋಡುಗ ಒಂದು ಕ್ಷಣ ಬೆಚ್ಚುತ್ತಾನೆ. ಬಾಂಬು ಇದೆ ಅಂತ ಅವನಿಗೆ ಮೊದಲೇ ಗೊತ್ತಿದ್ದರೆ, ಮೇಜಿನ ಸುತ್ತ ಕೂತವರು ಹವಾಮಾನದ ಮಾತಾಡಿದರೂ ಉಸಿರು ಬಿಗಿ ಹಿಡಿದು ಕೂರುತ್ತಾನೆ.

ಹುಡುಗರು ಆ ರಾತ್ರಿಯೇ ಚಿತ್ರಕಥೆ ತಿದ್ದಿದರು. ರೂಢಿಗಳನ್ನು ಬಿಡಲಿಲ್ಲ, ಜಾಗ ಬದಲಿಸಿದರು. ಮೊದಲು ಅದೇ ಕೈ, ಮುಖವಿಲ್ಲ, ಆದರೆ ಕತ್ತಿಯ ಬದಲು ಓಲೆಗರಿಯ ಕಟ್ಟು ಬಿಚ್ಚುತ್ತಿದೆ. ಅದೇ ಕೈ ಅರ್ಜಿ ಬರೆಯುತ್ತದೆ. ಮುದ್ರೆ ಒತ್ತಿದ ಉತ್ತರ ಬರುತ್ತದೆ, ಕೈ ಅದನ್ನು ಮಡಚಿ ಇಡುತ್ತದೆ. ಇನ್ನೊಂದು ಕಡೆ ಕಂದೀಲಿನ ಬೆಳಕಿನಲ್ಲಿ ಒಬ್ಬ ಬಿಳಿಯ ಎಚ್ಚರಿಕೆಯ ಮಾತು ಕೇಳಿ ತಲೆಯಾಡಿಸಿ, ಬೂಟು ಬಿಚ್ಚಿ, ಪಲ್ಲಕ್ಕಿಯಲ್ಲಿ ಮಲಗುತ್ತಾನೆ. ಅವನೂ ದಣಿದ ಮನುಷ್ಯನೇ. ಹೆಜ್ಜೆ ಸದ್ದು. ಕಂದೀಲು ಆರುತ್ತದೆ. ಚೀರಾಟ ಇಲ್ಲ, ತಲೆ ಇಲ್ಲ. ಕೊನೆಗೆ ಬೆಳಗಿನ ನೀರು, ದಂಡೆಯಲ್ಲಿ ಇಬ್ಬರು ಹೆಂಗಸರ ಬೆನ್ನು. ತಾರೀಖು ಅವರ ಮೇಲೆ ಬರುತ್ತದೆ.

ಚಿತ್ರೀಕರಣದ ಫಜೀತಿ ಬೇರೆ. ಗಜೇಂದ್ರಗಡದ ಗುಡ್ಡದ ಕಡೆ ಸಂಜೆ ಬೆಳಕಿನಲ್ಲಿ ತೆಗೆದರೆ ಎಲ್ಲ ಶಾಟಿನಲ್ಲೂ ಒಂದೊಂದು ಗಾಳಿಯಂತ್ರ! "ಸಾವಿರದ ಎಂಟ್ನೂರಾ ಐವತ್ತೆಂಟರಾಗ ಫ್ಯಾನ್ ಎಲ್ಲಿತ್ತಲೇ?" ಅಂತ ಅವರವರಲ್ಲೇ ಜಗಳ. ಕೊನೆಗೆ ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ ಬರೀ ಕಾಲು, ಹುಲ್ಲು, ಕಂದೀಲು ಹಿಡಿದರು. ದುಡ್ಡಿಲ್ಲದ್ದಕ್ಕೆ ಮಾಡಿದ್ದು ಥ್ರಿಲ್ಲರಿನ ರೂಢಿಯೇ ಆಯಿತು :) ಮಲಪ್ರಭೆಯಲ್ಲಿ ಶಾಟಿಗೆ ಬೇಕಾದಷ್ಟು ನೀರಿರಲಿಲ್ಲ, ಹೊಳೆಯ ದೃಶ್ಯವನ್ನು ನಮ್ಮ ಹೊಲದ ಪಕ್ಕದ ಕೃಷಿ ಹೊಂಡದಲ್ಲಿ ತೆಗೆದರು. ಇಬ್ಬರು ಹೆಂಗಸರಲ್ಲಿ ಒಬ್ಬಳು ಗಜೇಂದ್ರಗಡದ ಹುಡುಗಿ, ಇನ್ನೊಬ್ಬಳು ನಮ್ಮವ್ವ. ಬೆನ್ನು ಮಾತ್ರ ಕಾಣುತ್ತದೆ ಅಂತ ಒಪ್ಪಿದಳು.

ಮೊಬೈಲಿನಲ್ಲಿ ಎರಡು ನಿಮಿಷ ನೋಡಿದೆ. ಮೊದಲಿನ ಚಿತ್ರಕಥೆಯಷ್ಟು ಬೆಚ್ಚಿಬೀಳಿಸುವುದಿಲ್ಲ, ಅದು ನಿಜ. ಆದರೆ ಆ ಕೈ ಕಾಗದ ಮಡಚುವಾಗ ಹೊಟ್ಟೆಯಲ್ಲಿ ಏನೋ ಬಿಗಿಯಿತು. ಮುಂದೆ ಆಗುವುದು ತಪ್ಪುವುದಿಲ್ಲ ಅಂತ ಗೊತ್ತಿದ್ದೂ, ತಪ್ಪಬಾರದೇ ಅನ್ನಿಸಿತು.

ಕೊನೆಯ ಶಾಟ್ ಮುಗಿದ ಮೇಲೆ ಸಿನಿಮಾದವರ ಸಂಪ್ರದಾಯದಂತೆ ಕುಂಬಳಕಾಯಿ ಒಡೆಯಬೇಕು ಅಂತ ಹುಡುಗರ ಹಟ. ಮನೆಯಲ್ಲಿದ್ದದ್ದು ಅದೊಂದೇ. ಅವ್ವ ಬಿಡಲಿಲ್ಲ. ಮೊದಲು ಮೀಸೆ ಕಿತ್ತು, ಗುಂಡಿ ತೆಗೆದು, ಕುಂಕುಮವನ್ನೆಲ್ಲ ತೊಳೆಸಿದಳು. "ಅಂವನೂ ಯಾವ ತಾಯಿ ಮಗನೋ ಏನೋ" ಅಂದಳು. ಆಮೇಲೆ ಒಡೆದರು.

ನೀವಾಗಿದ್ದರೆ ಈ ಕಥೆಯನ್ನು ಎಲ್ಲಿಂದ ಶುರುಮಾಡುತ್ತಿದ್ದಿರಿ? ತಿಳಿಸಿ, ಹುಡುಗರಿಗೆ ಓದಿ ಹೇಳುತ್ತೇನೆ.